ವಿಜ್ಞಾನ ಪತ್ರಿಕೆಗಳ ಖರ್ಚನ್ನು ಹೊರುವವರು ಯಾರು?

ಐಸಾಕ್ ನ್ಯೂಟನ್ನನ ‘ಪ್ರಿನ್ಸಿಪಿಯ’ ಗ್ರಂಥದ ಹೆಸರನ್ನು ಕೇಳದ ವಿಜ್ಞಾನದ ವಿದ್ಯಾರ್ಥಿ ಇರಲಾರ. ಚಲನೆಯ ಮೂರು ನಿಯಮಗಳನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಎಷ್ಟು ಬಾರಿ ಬೋಧಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಆ ಗ್ರಂಥದ ಅಚ್ಚಿನ ವೆಚ್ಚವನ್ನು ಕೊಟ್ಟವರು ಯಾರು ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಪಠ್ಯಪುಸ್ತಕಗಳೂ ಅದನ್ನು ಹೇಳುವುದಿಲ್ಲ.

ಆ ಕಥೆ ಸ್ವಾರಸ್ಯವಾಗಿದೆ. ಲಂಡನ್ನಿನ ರಾಯಲ್ ಸೊಸೈಟಿಯು 1686ರಲ್ಲಿ ಫ್ರಾನ್ಸಿಸ್ ವಿಲ್ಲೋಬಿ ಎಂಬ ವಿದ್ವಾಂಸನ, ಮೀನುಗಳನ್ನು ಕುರಿತ ಒಂದು ದೊಡ್ಡ ಸಚಿತ್ರ ಗ್ರಂಥವನ್ನು ಬಹಳ ಹಣ ವ್ಯಯಿಸಿ ಪ್ರಕಟಿಸಿತು. ಪುಸ್ತಕ ಅಂದವಾಗಿತ್ತು, ಆದರೆ ಕೊಳ್ಳುವವರು ಇರಲಿಲ್ಲ. ಸಂಘದ ಬೊಕ್ಕಸ ಬರಿದಾಯಿತು. ಅದೇ ಹೊತ್ತಿಗೆ ನ್ಯೂಟನ್ನನ ಹಸ್ತಪ್ರತಿ ಬಂದಿತು. ಅಚ್ಚು ಹಾಕಿಸಲು ಸಂಘದ ಬಳಿ ಹಣವಿಲ್ಲ. ಆಗ ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ, ತನ್ನ ಕೈಯಿಂದಲೇ ಹಣ ಹಾಕಿ 1687ರಲ್ಲಿ ಪ್ರಿನ್ಸಿಪಿಯವನ್ನು ಹೊರತಂದನು. ಸಂಘದ ಗುಮಾಸ್ತನಾಗಿದ್ದ ಅವನಿಗೆ ಬರಬೇಕಾಗಿದ್ದ 50 ಪೌಂಡುಗಳ ಸಂಬಳಕ್ಕೆ ಬದಲಾಗಿ, ಮಾರಾಟವಾಗದೆ ಉಳಿದಿದ್ದ ಮೀನಿನ ಪುಸ್ತಕದ 50 ಪ್ರತಿಗಳನ್ನು ಕೊಟ್ಟು ಕಳುಹಿಸಲಾಯಿತು!

ವಿಜ್ಞಾನವನ್ನು ಪ್ರಕಟಿಸಲು ಹಣ ಬೇಕು, ಆ ಹಣವನ್ನು ಯಾರಾದರೂ ಕೊಡಬೇಕು ಎಂಬ ಮಾತು ಇಂದಿಗೂ ಇತ್ಯರ್ಥವಾಗಿಲ್ಲ. ಸಂಶೋಧನಾ ಲೇಖನಗಳನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತಿರಬೇಕು ಎಂಬ ‘ಓಪನ್ ಆಕ್ಸೆಸ್’, ಅಂದರೆ ಮುಕ್ತ ಲಭ್ಯತೆಯ ಚಳವಳಿಯು ಕಳೆದ ಎರಡೂವರೆ ದಶಕಗಳಿಂದ ನಡೆದಿದೆ. ಅದರ ಆದರ್ಶವನ್ನು ಒಪ್ಪದವರು ವಿರಳ. ಆದರೆ ಖರ್ಚನ್ನು ಹೊರುವವರು ಯಾರು ಎಂಬಲ್ಲಿ ಒಮ್ಮತವಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಸಂಶೋಧನೆಯಲ್ಲಿದ್ದಾರೆ, ಇನ್ನು ಕೆಲವರು ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ. ಅವರಿಗೆ ಇದು ಬದುಕಿನ ಪ್ರಶ್ನೆ. ಉಳಿದವರಿಗೆ ತೆರಿಗೆಯ ಹಣದ ಪ್ರಶ್ನೆ. ಆದ್ದರಿಂದ ಇದರ ಪೂರ್ವೇತಿಹಾಸವನ್ನು ನನಗೆ ತಿಳಿದಷ್ಟು ಬರೆಯುತ್ತಿದ್ದೇನೆ.

ಮೊದಲ ವಿಜ್ಞಾನ ಪತ್ರಿಕೆಗಳು ಹುಟ್ಟಿದ್ದು 1665ರಲ್ಲಿ. ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ‘ಜರ್ನಾಲ್ ದೆ ಸಾವಾಂ’, ಮಾರ್ಚಿಯಲ್ಲಿ ಲಂಡನ್ನಿನಲ್ಲಿ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’. ಎರಡನೆಯದನ್ನು ಆರಂಭಿಸಿದ ಹೆನ್ರಿ ಓಲ್ಡನ್‌ಬರ್ಗ್ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದರೂ ಪತ್ರಿಕೆ ಅವನ ಸ್ವಂತದ್ದು. ಅದರಿಂದ ಜೀವನೋಪಾಯಕ್ಕೆ ನಾಲ್ಕು ಕಾಸು ದೊರೆಯಬಹುದೆಂಬ ಆಸೆ ಅವನಿಗಿತ್ತು. ಅದೇ ವರ್ಷ ಲಂಡನ್ನಿಗೆ ಪ್ಲೇಗು ಬಂದಿತು, ಮರುವರ್ಷ ನಗರಕ್ಕೇ ಬೆಂಕಿ ಬಿದ್ದಿತು. ನಿರೀಕ್ಷಿಸಿದ ಲಾಭ ಅವನಿಗೆ ಎಂದೂ ಬರಲಿಲ್ಲ. ಮುಂದೆ 1752ರಲ್ಲಿ ಪತ್ರಿಕೆಯ ಹಣಕಾಸಿನ ಹೊಣೆಯನ್ನು ಸೊಸೈಟಿಯೇ ವಹಿಸಿಕೊಂಡಿತು. ಅಲ್ಲಿಂದ ಮುಂದಿನ ಸುಮಾರು ಎರಡು ಶತಮಾನಗಳ ಕಾಲ ಆ ಪತ್ರಿಕೆ ಬಹುಮಟ್ಟಿಗೆ ನಷ್ಟದಲ್ಲಿಯೇ ನಡೆಯಿತು. ಸದಸ್ಯರಿಗೆ ಪುಕ್ಕಟೆ ಪ್ರತಿ, ಹೊರದೇಶಗಳ ವಿದ್ವತ್ಸಂಘಗಳಿಗೆ ಪುಕ್ಕಟೆ ಪ್ರತಿ. ನಷ್ಟವನ್ನು ಸದಸ್ಯರ ವಂತಿಗೆಯೂ ದತ್ತಿಗಳೂ ತುಂಬುತ್ತಿದ್ದವು. ವಿಜ್ಞಾನವನ್ನು ಹರಡುವುದು ಸಂಘದ ಧರ್ಮ, ಅದಕ್ಕೆ ಹಣ ಖರ್ಚಾಗುವುದು ಸಹಜ ಎಂದು ಅವರು ಭಾವಿಸಿದ್ದರು.

ನಮ್ಮ ನಾಡಿನವರಿಗೆ ಈ ಭಾವನೆ ಅಪರಿಚಿತವೇನಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ದಾನ ಮಾಡಿದ ವಿಷಯವನ್ನು ನೀವೆಲ್ಲ ಕನ್ನಡ ಪಾಠದಲ್ಲಿ ಓದಿದ್ದೀರಿ. ಓದುವವನಿಗೆ ಅದು ಉಚಿತವಾಗಿತ್ತು, ಆದರೆ ಲಿಪಿಕಾರರ ಕೂಲಿಯನ್ನು ಅತ್ತಿಮಬ್ಬೆ ಕೊಟ್ಟಿದ್ದಳು. ಶಾಸ್ತ್ರದಾನವೆಂದರೂ ಖರ್ಚು ಖರ್ಚೇ.

ಭಾರತದ ವಿಜ್ಞಾನ ಪತ್ರಿಕೆಗಳ ಚರಿತ್ರೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಪಾತ್ರ ದೊಡ್ಡದು. ಕಲ್ಕತ್ತೆಯಲ್ಲಿದ್ದಾಗ 1926ರಲ್ಲಿ ಅವರು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯನ್ನು ಆರಂಭಿಸಿದರು. 1928ರ ಫೆಬ್ರವರಿ 28ರಂದು ಕಂಡ ಹೊಸ ವಿಕಿರಣವನ್ನು ಕುರಿತು ಅವರು ವಿಸ್ತಾರವಾದ ಉಪನ್ಯಾಸ ಮಾಡಿದ್ದು ಅದೇ ಮಾರ್ಚ್ 16ರಂದು, ನಮ್ಮ ಬೆಂಗಳೂರಿನಲ್ಲಿ. ಆ ಉಪನ್ಯಾಸವನ್ನು ತಮ್ಮದೇ ಪತ್ರಿಕೆಯಲ್ಲಿ ಕೂಡಲೇ ಅಚ್ಚು ಮಾಡಿಸಿ, ಅದರ ಪ್ರತಿಗಳನ್ನು ಜಗತ್ತಿನ ಪ್ರಮುಖ ವಿಜ್ಞಾನಿಗಳಿಗೆಲ್ಲ ಅಂಚೆಯಲ್ಲಿ ಕಳುಹಿಸಿಕೊಟ್ಟರು. ಯಾರೂ ಚಂದಾ ಕೊಟ್ಟು ಅದನ್ನು ತರಿಸಿಕೊಳ್ಳಲಿಲ್ಲ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೂ ಮುಕ್ತ ಲಭ್ಯತೆಯೇ. ಅಂಚೆಯ ಖರ್ಚು ಮಾತ್ರ ಕಳುಹಿಸಿದವರದು.

ಭಾರತದ ವಿಜ್ಞಾನ ಭಾರತದಲ್ಲಿಯೇ ಪ್ರಕಟವಾಗಬೇಕು ಎಂಬುದು ರಾಮನ್ ಅವರ ಗಟ್ಟಿಯಾದ ನಿಲುವು. 1932ರಲ್ಲಿ ಬೆಂಗಳೂರಿನಿಂದ ‘ಕರೆಂಟ್ ಸೈನ್ಸ್’ ಹೊರಟಿತು. 1934ರಲ್ಲಿ ರಾಮನ್ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದರು. ಅದರ ‘ಪ್ರೊಸೀಡಿಂಗ್ಸ್’ ಅದೇ ಜುಲೈಯಲ್ಲಿ ಆರಂಭವಾಯಿತು. ಬೆಳಕು ಮತ್ತು ಶ್ರವಣಾತೀತ ಅಲೆಗಳನ್ನು ಕುರಿತ ರಾಮನ್-ನಾಥ್ ಲೇಖನಮಾಲೆಯು ಪ್ರಕಟವಾದದ್ದು ಅಲ್ಲಿಯೇ. ಇವೆಲ್ಲವೂ ವಿದ್ವಾಂಸರೇ ನಡೆಸಿದ ಪತ್ರಿಕೆಗಳು, ಲಾಭಕ್ಕಾಗಿ ಹುಟ್ಟಿದವಲ್ಲ.

ಚಿತ್ರ ಬದಲಾದದ್ದು ಎರಡನೆಯ ಮಹಾಯುದ್ಧದ ನಂತರ. ಯುದ್ಧವು ವಿಜ್ಞಾನದ ಬಲವನ್ನು ಸರ್ಕಾರಗಳಿಗೆ ತೋರಿಸಿಕೊಟ್ಟಿತ್ತು. ಸಂಶೋಧನೆಗೆ ಹಣ ಹರಿಯಿತು, ಲೇಖನಗಳ ಸಂಖ್ಯೆ ಏರಿತು, ವಿದ್ವತ್ಸಂಘಗಳ ನಿಧಾನಗತಿಯ ಪತ್ರಿಕೆಗಳು ಸಾಲದಾದವು. ಈ ಅವಕಾಶವನ್ನು ಎಲ್ಲರಿಗಿಂತ ಮೊದಲು ಕಂಡವರಲ್ಲಿ ಒಬ್ಬ ರಾಬರ್ಟ್ ಮ್ಯಾಕ್ಸ್‌ವೆಲ್. ಚೆಕೊಸ್ಲೊವಾಕಿಯದಲ್ಲಿ ಬಡ ಯಹೂದಿ ಕುಟುಂಬದಲ್ಲಿ ಹುಟ್ಟಿ, ಬ್ರಿಟಿಷ್ ಸೈನ್ಯದಲ್ಲಿದ್ದು ಬಂದ ಈತ 1951ರಲ್ಲಿ ಒಂದು ಚಿಕ್ಕ ಪ್ರಕಾಶನವನ್ನು ಕೊಂಡು ಅದಕ್ಕೆ ಪರ್ಗಮಾನ್ ಪ್ರೆಸ್ ಎಂದು ಹೆಸರಿಟ್ಟನು. ವಿಜ್ಞಾನದ ಹೊಸ ಹೊಸ ಕವಲುಗಳಿಗೆ ಒಂದೊಂದರಂತೆ ಪತ್ರಿಕೆಗಳನ್ನು ಹೊರಡಿಸಿದನು.

ಈ ವ್ಯಾಪಾರದ ವೈಚಿತ್ರ್ಯವನ್ನು ಗಮನಿಸಿ. ಅಕ್ಕಿಯ ಬೆಲೆ ಒಂದು ಅಂಗಡಿಯಲ್ಲಿ ಹೆಚ್ಚಾದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಆದರೆ ಒಂದು ಪತ್ರಿಕೆಯಲ್ಲಿ ಬಂದ ಲೇಖನ ಇನ್ನೊಂದರಲ್ಲಿ ಬರುವುದಿಲ್ಲ. ಸಂಶೋಧಕನಿಗೆ ಎರಡೂ ಬೇಕು, ಆದ್ದರಿಂದ ಗ್ರಂಥಾಲಯ ಎರಡನ್ನೂ ಕೊಳ್ಳಲೇಬೇಕು. ಲೇಖನ ಬರೆದವರಿಗೆ ಸಂಭಾವನೆಯಿಲ್ಲ. ಅದನ್ನು ಪರಿಶೀಲಿಸುವ ಸಹವಿದ್ವಾಂಸರಿಗೂ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಅವರ ಸಂಬಳವನ್ನು ವಿಶ್ವವಿದ್ಯಾಲಯ ಕೊಡುತ್ತದೆ. ಕೊನೆಗೆ ಸಿದ್ಧವಾದ ಪತ್ರಿಕೆಯನ್ನು ಹಣ ಕೊಟ್ಟು ಕೊಳ್ಳುವುದೂ ಅದೇ ವಿಶ್ವವಿದ್ಯಾಲಯ. ಮ್ಯಾಕ್ಸ್‌ವೆಲ್ 1991ರಲ್ಲಿ ಪರ್ಗಮಾನ್ ಸಂಸ್ಥೆಯನ್ನು ಎಲ್ಸ್‌ವಿಯರ್ ಕಂಪನಿಗೆ 44 ಕೋಟಿ ಪೌಂಡುಗಳಿಗೆ ಮಾರಿದನು. ಎಲ್ಸ್‌ವಿಯರಿನ ಮಾತೃಸಂಸ್ಥೆಯ ವಿಜ್ಞಾನ ವಿಭಾಗವು ಇತ್ತೀಚಿನ ವರ್ಷಗಳಲ್ಲಿಯೂ ತನ್ನ ವರಮಾನದ ಶೇಕಡಾ 35ಕ್ಕಿಂತ ಹೆಚ್ಚನ್ನು ಲಾಭವೆಂದು ತೋರಿಸಿದೆ.

1980ರ ದಶಕದಿಂದ ಪತ್ರಿಕೆಗಳ ಚಂದಾ ಹಣದುಬ್ಬರಕ್ಕಿಂತ ಬಹಳ ವೇಗವಾಗಿ ಏರತೊಡಗಿತು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳೇ ಪುಸ್ತಕ ಕೊಳ್ಳುವುದನ್ನು ಕಡಿಮೆ ಮಾಡಿ ಪತ್ರಿಕೆಗಳಿಗೆ ಹಣ ಹೊಂದಿಸಿದವು. ನಮ್ಮ ದೇಶದ ಗ್ರಂಥಾಲಯಗಳಿಗೆ ಎರಡು ಪೆಟ್ಟು: ಚಂದಾ ಡಾಲರಿನಲ್ಲಿ ಏರುತ್ತಿತ್ತು, 1966ರಲ್ಲಿಯೂ 1991ರಲ್ಲಿಯೂ ರೂಪಾಯಿಯ ಅಪಮೌಲ್ಯವಾಗಿ ಡಾಲರೂ ತುಟ್ಟಿಯಾಯಿತು. ಪತ್ರಿಕೆ ಬಾರದ ಕಡೆ ಸಂಶೋಧಕರು ಲೇಖಕರಿಗೇ ಕಾರ್ಡು ಬರೆದು ಲೇಖನದ ಬಿಡಿಪ್ರತಿ ಕಳುಹಿಸಿರೆಂದು ಕೇಳಿಕೊಳ್ಳುತ್ತಿದ್ದರು. ಆ ಕಾಲದಲ್ಲಿ ಪಿಎಚ್.ಡಿ. ಮಾಡಿದವರು ಯಾರಾದರೂ ನಿಮ್ಮ ಬಂಧುಗಳಲ್ಲಿದ್ದರೆ ಕೇಳಿ ನೋಡಿ, ಅಂಥ ಕಾರ್ಡುಗಳ ಕಥೆ ಹೇಳುತ್ತಾರೆ.

ಅದೇ 1991ರ ಆಗಸ್ಟಿನಲ್ಲಿ ಪಾಲ್ ಗಿನ್‌ಸ್ಪರ್ಗ್ ಎಂಬ ಭೌತವಿಜ್ಞಾನಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಒಂದು ಕಂಪ್ಯೂಟರ್ ಭಂಡಾರವನ್ನು ತೆರೆದರು. ಅಚ್ಚಿಗೆ ಹೋಗುವ ಮೊದಲೇ ಲೇಖನವನ್ನು ಅದರಲ್ಲಿ ಇರಿಸಿದರೆ ಯಾರು ಬೇಕಾದರೂ ಓದಬಹುದು. ಇದೇ ಮುಂದೆ ‘ಆರ್ಕೈವ್’ ಎಂದು ಪ್ರಸಿದ್ಧವಾಗಿ 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದಿತು. ಕಾಗದವಿಲ್ಲ, ಅಂಚೆಯಿಲ್ಲ, ಇನ್ನು ಖರ್ಚೆಲ್ಲಿ ಎಂದು ಅನೇಕರು ಭಾವಿಸಿದರು. ಆದರೆ 2010ರಲ್ಲಿ ಕಾರ್ನೆಲ್ಲೇ, ಇದನ್ನು ಹೆಚ್ಚಾಗಿ ಬಳಸುವ ಸಂಸ್ಥೆಗಳು ವೆಚ್ಚದಲ್ಲಿ ಪಾಲು ಕೊಡಬೇಕೆಂದು ಕೇಳಬೇಕಾಯಿತು. ಯಂತ್ರಗಳನ್ನು ನೋಡಿಕೊಳ್ಳುವವರಿಗೂ ಸಂಬಳ ಬೇಕಷ್ಟೆ!

2002ರ ಫೆಬ್ರವರಿ 14ರಂದು ಹೊರಟ ಬುಡಾಪೆಸ್ಟ್ ಘೋಷಣೆಯು ‘ಓಪನ್ ಆಕ್ಸೆಸ್’ ಎಂಬ ಹೆಸರನ್ನು ಜಗತ್ತಿನಲ್ಲಿ ನೆಲೆಗೊಳಿಸಿತು. ಅದು ಎರಡು ದಾರಿಗಳನ್ನು ಸೂಚಿಸಿತು. ಒಂದು, ಲೇಖಕನು ತನ್ನ ಲೇಖನದ ಪ್ರತಿಯನ್ನು ತನ್ನ ಸಂಸ್ಥೆಯ ಭಂಡಾರದಲ್ಲಿ ಉಚಿತವಾಗಿ ಇರಿಸುವುದು. ಇದಕ್ಕೆ ‘ಹಸಿರು ದಾರಿ’ ಎಂಬ ಹೆಸರು ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ತೆರೆದ ಭಂಡಾರ ಭಾರತದ ಮೊದಲನೆಯವುಗಳಲ್ಲಿ ಒಂದು. ಇನ್ನೊಂದು, ಪತ್ರಿಕೆಯೇ ಉಚಿತವಾಗುವುದು. ಇದು ‘ಚಿನ್ನದ ದಾರಿ’. ಎರಡನೆಯದರಲ್ಲಿ ಚಂದಾ ನಿಂತುಹೋಗುವುದರಿಂದ ಹಣ ಬೇರೆ ಕಡೆಯಿಂದ ಬರಬೇಕು. ಲೇಖಕನಿಂದ, ಅಂದರೆ ಅವನಿಗೆ ಅನುದಾನ ಕೊಟ್ಟವರಿಂದ ಶುಲ್ಕ ಪಡೆಯೋಣವೆಂದು ‘ಬಯೋಮೆಡ್ ಸೆಂಟ್ರಲ್’ ಮೊದಲಾದವರು ಮುಂದಾದರು. ಇದು ಪೂರ್ತಿ ಹೊಸದಲ್ಲ. ಅಮೆರಿಕದ ಭೌತವಿಜ್ಞಾನ ಪತ್ರಿಕೆಗಳು 1930ರ ದಶಕದಲ್ಲಿಯೇ ಲೇಖಕರಿಂದ ಪುಟಶುಲ್ಕ ಪಡೆಯುತ್ತಿದ್ದವು.

ನೊಬೆಲ್ ಪುರಸ್ಕೃತ ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಕಟ್ಟಿದ ‘ಪಬ್ಲಿಕ್ ಲೈಬ್ರರಿ ಆಫ್ ಸೈನ್ಸ್’ (ಪ್ಲಾಸ್) ಸಂಸ್ಥೆಯು 90 ಲಕ್ಷ ಡಾಲರುಗಳ ದತ್ತಿಯ ಬಲದಿಂದ 2003ರ ಅಕ್ಟೋಬರಿನಲ್ಲಿ ತನ್ನ ಮೊದಲ ಪತ್ರಿಕೆಯನ್ನು ಆರಂಭಿಸಿ, ಲೇಖನವೊಂದಕ್ಕೆ 1,500 ಡಾಲರ್ ಶುಲ್ಕವಿಟ್ಟಿತು. ವಾದ ಜೋರಾಯಿತು. ದತ್ತಿ ಮುಗಿದ ಮೇಲೆ ಏನು ಗತಿ ಎಂದು ಹಳೆಯ ಪ್ರಕಾಶಕರು ಕೇಳಿದರು. ಪತ್ರಿಕೆಯ ಉಳಿತಾಯದಿಂದಲೇ ವಿದ್ಯಾರ್ಥಿವೇತನ, ಸಮ್ಮೇಳನ ನಡೆಸುತ್ತಿದ್ದ ಸಣ್ಣ ವಿದ್ವತ್ಸಂಘಗಳು ಹೆದರಿದವು. 2004ರಲ್ಲಿ ಬ್ರಿಟನ್ನಿನ ಸಂಸತ್ತಿನ ಸಮಿತಿಯೊಂದು ಈ ವಿಷಯವಾಗಿ ವಿಚಾರಣೆ ನಡೆಸಿ ವರದಿ ಕೊಟ್ಟಿತು.

ಈ ವಾದದ ತಿರುಳನ್ನು ಕರಿಹಲಗೆಯ ಲೆಕ್ಕವಾಗಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ಒಂದು ಪತ್ರಿಕೆಗೆ 100 ಲೇಖನಗಳು ಬರುತ್ತವೆ, ಒಂದೊಂದರ ಪರಿಶೀಲನೆಗೆ 1,000 ರೂಪಾಯಿ ಖರ್ಚು ಎಂದುಕೊಳ್ಳಿ. ಒಟ್ಟು ಒಂದು ಲಕ್ಷ. ಕಟ್ಟುನಿಟ್ಟಾಗಿ ಆರಿಸಿ ಹತ್ತನ್ನೇ ಒಪ್ಪಿದರೆ, ಆ ಹತ್ತು ಜನ ತಲಾ 10,000 ರೂಪಾಯಿ ಕೊಡಬೇಕು. ತಿರಸ್ಕೃತರಾದ ತೊಂಬತ್ತು ಜನರ ಖರ್ಚೂ ಅವರ ಮೇಲೆಯೇ. ಎಪ್ಪತ್ತನ್ನು ಒಪ್ಪಿದರೆ ತಲಾ ಸುಮಾರು 1,430 ರೂಪಾಯಿ ಸಾಕು. ಅಂದರೆ ಗುಣಮಟ್ಟ ಕಾಯುವ ಪತ್ರಿಕೆಗೆ ಶುಲ್ಕ ಹೆಚ್ಚು, ಬಾಗಿಲು ಅಗಲ ಮಾಡಿದ ಪತ್ರಿಕೆಗೆ ಬದುಕು ಸುಲಭ. ಚಂದಾ ಪದ್ಧತಿಯಲ್ಲಿ ಗಿರಾಕಿ ಓದುಗ, ಅವನಿಗೆ ಒಳ್ಳೆಯ ಸರಕು ಬೇಕು. ಶುಲ್ಕದ ಪದ್ಧತಿಯಲ್ಲಿ ಗಿರಾಕಿ ಲೇಖಕ, ಅವನಿಗೆ ಅಚ್ಚಾಗುವುದು ಬೇಕು.

ಪ್ಲಾಸ್ ಸಂಸ್ಥೆ ಕಂಡುಕೊಂಡ ಪರಿಹಾರವೂ ಈ ಲೆಕ್ಕವನ್ನೇ ಅನುಸರಿಸಿತು. 2006ರ ಡಿಸೆಂಬರಿನಲ್ಲಿ ಆರಂಭವಾದ ಅದರ ‘ಪ್ಲಾಸ್ ಒನ್’ ಪತ್ರಿಕೆ, ಲೇಖನ ಮಹತ್ವದ್ದೇ ಎಂದು ನೋಡದೆ ವಿಧಾನ ಸರಿಯಿದೆಯೇ ಎಂದು ಮಾತ್ರ ನೋಡಿ, ಸಾವಿರಾರು ಲೇಖನಗಳನ್ನು ಪ್ರಕಟಿಸಿತು. 2010ರ ಹೊತ್ತಿಗೆ ಸಂಸ್ಥೆಯ ಖರ್ಚು ಅದರ ವರಮಾನದಿಂದಲೇ ನಡೆಯಿತು. ಹಳೆಯ ಕಂಪನಿಗಳು ಇದನ್ನು ನೋಡುತ್ತಿದ್ದವು. ಸ್ಪ್ರಿಂಗರ್ 2008ರಲ್ಲಿ ಬಯೋಮೆಡ್ ಸೆಂಟ್ರಲನ್ನು ಕೊಂಡಿತು. ಯಾವ ಕಂಪನಿಗಳ ಹಿಡಿತ ತಪ್ಪಿಸಲು ಚಳವಳಿ ಹುಟ್ಟಿತ್ತೋ ಅವೇ ಅದರ ವ್ಯಾಪಾರಿಗಳಾದವು. 2018ರಲ್ಲಿ ಯೂರೋಪಿನ ಅನುದಾನ ಸಂಸ್ಥೆಗಳು ಸೇರಿ, ತಮ್ಮ ಹಣದಿಂದ ನಡೆದ ಸಂಶೋಧನೆಯೆಲ್ಲ ಮುಕ್ತವಾಗಿರಬೇಕೆಂಬ ‘ಪ್ಲಾನ್ ಎಸ್’ ಪ್ರಕಟಿಸಿದವು. ‘ನೇಚರ್’ ಪತ್ರಿಕೆ 2021ರಿಂದ ಲೇಖನವನ್ನು ಮುಕ್ತವಾಗಿಸಲು 9,500 ಯೂರೋ ಶುಲ್ಕವಿಟ್ಟಿತು. ಆಗಿನ ದರದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲು!

ಇದರ ಕೆಟ್ಟ ಮುಖವನ್ನು ನಾವು ನಮ್ಮ ಮನೆಯಂಗಳದಲ್ಲಿಯೇ ಕಂಡೆವು. 2010ರ ಯು.ಜಿ.ಸಿ. ನಿಯಮಗಳು ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಪ್ರಕಟಣೆಗಳನ್ನು ಅಂಕಗಳಾಗಿ ಎಣಿಸಿದವು. ಹಣ ಕೊಟ್ಟರೆ ಏನನ್ನಾದರೂ ಪ್ರಕಟಿಸುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕೆಂದೇ ತಪ್ಪುಗಳನ್ನು ತುಂಬಿದ ಲೇಖನವನ್ನು 304 ಪತ್ರಿಕೆಗಳಿಗೆ ಕಳುಹಿಸಿದರು. 157 ಪತ್ರಿಕೆಗಳು ಒಪ್ಪಿಕೊಂಡವು. ಅವರ ಪರೀಕ್ಷೆಗೆ ಒಳಗಾದ ಪತ್ರಿಕೆಗಳಲ್ಲಿ ಅತಿ ಹೆಚ್ಚಿನವು ಭಾರತದಲ್ಲಿ ನೆಲೆಯಾಗಿದ್ದವು. ಇದು ಸಣ್ಣಪುಟ್ಟವರ ದೋಷವಷ್ಟೇ ಅಲ್ಲ. ವೈಲಿ ಕಂಪನಿಯು 2021ರಲ್ಲಿ ಸುಮಾರು 30 ಕೋಟಿ ಡಾಲರಿಗೆ ಕೊಂಡ ಹಿಂದಾವಿ ಪ್ರಕಾಶನವು, ಮೋಸದ ಲೇಖನಗಳು ನುಸುಳಿದ್ದರಿಂದ 2023ರೊಂದರಲ್ಲಿಯೇ 8,000ಕ್ಕೂ ಹೆಚ್ಚು ಲೇಖನಗಳನ್ನು ಹಿಂತೆಗೆದುಕೊಂಡಿತು.

ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಿಂದೊಮ್ಮೆ ಫೋನು ಮಾಡಿ, “ಸಾರ್, ಲೇಖನ ಒಪ್ಪಿದ್ದಾರೆ, ಆದರೆ ಅವರು ಕೇಳುವ ಹಣ ನನ್ನ ಎರಡು ತಿಂಗಳ ಸಂಬಳ. ಕೊಡಲೇ ಬೇಡವೇ?” ಎಂದು ಕೇಳಿದಳು. ಓದುಗನಿಗೆ ಬಾಗಿಲು ತೆರೆಯಲು ಹೊರಟ ಪದ್ಧತಿ ಬರೆಯುವವಳಿಗೆ ಬಾಗಿಲು ಮುಚ್ಚಿತ್ತು. ಬಡ ದೇಶಗಳ ಲೇಖಕರಿಗೆ ಶುಲ್ಕ ವಿನಾಯಿತಿ ಕೊಡುವ ಪತ್ರಿಕೆಗಳಿವೆ ನಿಜ. ಆದರೆ ಅವುಗಳ ಪಟ್ಟಿಯಲ್ಲಿ ಭಾರತ ಬಹಳ ಕಡೆ ಸೇರಿಲ್ಲ. ದೇಶದ ಒಟ್ಟು ವರಮಾನ ದೊಡ್ಡದಿದ್ದ ಮಾತ್ರಕ್ಕೆ ಅತಿಥಿ ಉಪನ್ಯಾಸಕಿಯ ಸಂಬಳ ದೊಡ್ಡದಾಗುವುದಿಲ್ಲ.

ಭಾರತ ಸರ್ಕಾರ 2019ರ ಆರಂಭದಲ್ಲಿ ಪ್ಲಾನ್ ಎಸ್ ಸೇರುವ ಮಾತಾಡಿ, ಅದೇ ವರ್ಷ ಹಿಂದೆ ಸರಿಯಿತು. ಬದಲಾಗಿ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2024ರ ನವೆಂಬರ್ 25ರಂದು ಸಂಪುಟ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300 ಸರ್ಕಾರಿ ಸಂಸ್ಥೆಗಳ ಸುಮಾರು 1.8 ಕೋಟಿ ಓದುಗರು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಪತ್ರಿಕೆಗಳು ಕಾಣುವಂತಾದದ್ದು ಸಣ್ಣ ಸಂಗತಿಯಲ್ಲ, ಅದನ್ನು ನಾನು ಹೃತ್ಪೂರ್ವಕವಾಗಿ ಮೆಚ್ಚುತ್ತೇನೆ. ಆದರೆ ಇದು ಬಾಡಿಗೆಯ ಮನೆ. ಹಣ ಕಟ್ಟುವುದು ನಿಂತರೆ ಬಾಗಿಲು ಮುಚ್ಚುತ್ತದೆ. ಖಾಸಗಿ ಕಾಲೇಜಿನವರು, ಹಳ್ಳಿಯ ವೈದ್ಯರು, ನನ್ನಂಥ ನಿವೃತ್ತರು ಮೊದಲ ಹಂತದಲ್ಲಿ ಹೊರಗೇ ಉಳಿದರು. ತೆರಿಗೆ ಕೊಡುವವರಲ್ಲಿ ಅವರೂ ಇದ್ದಾರೆ.

ಹಾಗಾದರೆ ಬೇರೆ ದಾರಿಯಿಲ್ಲವೇ? ಇದೆ, ಮತ್ತು ಅದು ಹಳೆಯದೇ. ಓದುಗನಿಂದಲೂ ಲೇಖಕನಿಂದಲೂ ಹಣ ಪಡೆಯದೆ, ವಿದ್ವತ್ಸಂಘವೋ ವಿಶ್ವವಿದ್ಯಾಲಯವೋ ಸರ್ಕಾರವೋ ನೇರವಾಗಿ ಖರ್ಚು ಹೊರುವ ಕ್ರಮ. ಈಚೆಗೆ ಇದನ್ನು ‘ವಜ್ರದ ದಾರಿ’ ಎನ್ನುತ್ತಾರೆ. ಬ್ರೆಜಿಲ್ 1990ರ ದಶಕದ ಕೊನೆಯಲ್ಲಿ ಆರಂಭಿಸಿದ ‘ಸೈಲೋ’ ಜಾಲವು ಸಾರ್ವಜನಿಕ ಹಣದಿಂದ ಲ್ಯಾಟಿನ್ ಅಮೆರಿಕದ ನೂರಾರು ಪತ್ರಿಕೆಗಳನ್ನು ಮುಕ್ತವಾಗಿ ಓದಿಸುತ್ತಿದೆ. ಜಗತ್ತಿನಲ್ಲಿ ಇಂಥ ಪತ್ರಿಕೆಗಳು 17,000ದಿಂದ 29,000ದವರೆಗೆ ಇರಬಹುದೆಂದು 2021ರ ಅಧ್ಯಯನವೊಂದು ಅಂದಾಜು ಮಾಡಿತು. ನಮ್ಮ ಇಂಡಿಯನ್ ಅಕಾಡೆಮಿಯೂ ಬಹಳ ಹಿಂದೆಯೇ ತನ್ನ ಪತ್ರಿಕೆಗಳನ್ನು ಅಂತರಜಾಲದಲ್ಲಿ ಉಚಿತವಾಗಿ ಇರಿಸಿತು. 2007ರಿಂದ ಸ್ಪ್ರಿಂಗರ್ ಜತೆ ವಿತರಣೆಯ ಒಪ್ಪಂದ ಮಾಡಿಕೊಂಡಾಗಲೂ ಆ ಹಕ್ಕನ್ನು ಉಳಿಸಿಕೊಂಡಿತು. 1996ರಲ್ಲಿ ಅದು ಆರಂಭಿಸಿದ ‘ರೆಸೊನೆನ್ಸ್’ ಪತ್ರಿಕೆಯಿಂದ ನನ್ನಂಥ ಎಷ್ಟೋ ಉಪಾಧ್ಯಾಯರು ಕಲಿತಿದ್ದೇವೆ.

ಈ ದಾರಿಯೂ ನಿಷ್ಕಂಟಕವಲ್ಲ. ಅನುದಾನ ಒಂದು ವರ್ಷ ತಡವಾದರೆ ಸಂಚಿಕೆ ನಿಲ್ಲುತ್ತದೆ. ಸಂಪಾದಕರು ಬಿಡುವಿನ ವೇಳೆಯಲ್ಲಿ ದುಡಿಯಬೇಕು. ಆದರೂ ನನಗೆ ಇದೇ ಸರಿಯೆನಿಸುತ್ತದೆ. ವರ್ಷಕ್ಕೆ 2,000 ಕೋಟಿಯನ್ನು ಓದುವುದಕ್ಕಾಗಿ ಕೊಡಬಲ್ಲ ದೇಶ, ಅದರಲ್ಲಿ ಒಂದು ಸಣ್ಣ ಪಾಲನ್ನು ತನ್ನದೇ ಪತ್ರಿಕೆಗಳನ್ನು ಬಲಪಡಿಸಲು ತೆಗೆದಿಡಬಹುದು. ವಿದ್ವಾಂಸರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2023ರ ಏಪ್ರಿಲಿನಲ್ಲಿ, 3,450 ಡಾಲರುಗಳ ಶುಲ್ಕವನ್ನು ಇಳಿಸಲು ಎಲ್ಸ್‌ವಿಯರ್ ಒಪ್ಪದಿದ್ದಾಗ, ‘ನ್ಯೂರೋಇಮೇಜ್’ ಪತ್ರಿಕೆಯ ಸಂಪಾದಕರೆಲ್ಲರೂ ರಾಜೀನಾಮೆ ಕೊಟ್ಟು ಹೊರಬಂದು, ಲಾಭದ ಉದ್ದೇಶವಿಲ್ಲದ ಪ್ರಕಾಶನದಲ್ಲಿ ಹೊಸ ಪತ್ರಿಕೆ ಕಟ್ಟಿದರು.

ಸಂಶೋಧನೆಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಎರಡು ಮಾತು. ನಿಮ್ಮ ಲೇಖನ ಎಲ್ಲಿಯೇ ಬರಲಿ, ಪತ್ರಿಕೆಯ ನಿಯಮ ಅನುಮತಿಸಿದರೆ ಅಂತಿಮ ಹಸ್ತಪ್ರತಿಯನ್ನು ನಿಮ್ಮ ಸಂಸ್ಥೆಯ ಭಂಡಾರದಲ್ಲಿ ಇರಿಸಿ. ಅದಕ್ಕೆ ಕಾಸು ಖರ್ಚಿಲ್ಲ. ಹೆಸರು ಕೇಳದ ಪತ್ರಿಕೆ ವಾರದೊಳಗೆ ಲೇಖನ ಒಪ್ಪಿ ಹಣ ಕೇಳಿದರೆ ಕೊಡಬೇಡಿ, ನಿಮ್ಮ ಮಾರ್ಗದರ್ಶಕರನ್ನು ಒಂದು ಮಾತು ಕೇಳಿ. ಫೋನು ಮಾಡಿದ ಆ ಹುಡುಗಿಗೂ ನಾನು ಇದನ್ನೇ ಹೇಳಿದೆ. ಅವಳು ಹಣ ಕೊಡಲಿಲ್ಲ. ಶುಲ್ಕವಿಲ್ಲದ ಒಂದು ಭಾರತೀಯ ಪತ್ರಿಕೆಗೆ ಕಳುಹಿಸಿ, ಹನ್ನೊಂದು ತಿಂಗಳು ಕಾದು, ಎರಡು ಬಾರಿ ತಿದ್ದಿ ಪ್ರಕಟಿಸಿದಳು. ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವವಾಗಿದ್ದರೆ ಬರೆದು ತಿಳಿಸಿ, ಉಳಿದವರಿಗೂ ಉಪಯೋಗವಾದೀತು.